ದೇವೇಂದ್ರಪ್ಪ ಮಾಸ್ತರರ ಕಹಿ ಪಾಠ

ನಮ್ಮ ಸೀಮೆಯಲ್ಲಿ ಸಸ್ಯಶಾಸ್ತ್ರವನ್ನು ಪುಸ್ತಕದಿಂದ ಕಲಿಸಿದವರು ಅನೇಕರು. ನಾಲಿಗೆಯಿಂದ ಕಲಿಸಿದವರೆಂದರೆ ಈಗ ನಿವೃತ್ತರಾಗುತ್ತಿರುವ ಮಾನ್ಯ ದೇವೇಂದ್ರಪ್ಪ ಮಾಸ್ತರರೊಬ್ಬರೇ. ತಾವು ರುಚಿ ನೋಡದ ಗಿಡದ ಪಾಠವನ್ನು ಅವರೆಂದೂ ಮಾಡಿದವರಲ್ಲ. ಶಿಷ್ಯರು ಪಾಸಾದರೋ ಇಲ್ಲವೋ, ಪಥ್ಯದಲ್ಲಂತೂ ಪಳಗಿದರು.

ಏಕೀಕರಣದ ವರ್ಷ ಅವರು ಲಕ್ಷ್ಮೇಶ್ವರದ ಶಾಲೆಗೆ ಹೊಸಬರು. ಕಟುಕರೋಹಿಣಿಯ ಶಾಸ್ತ್ರೀಯ ಹೆಸರಿನಲ್ಲಿ ‘ಪಿಕ್ರೋಸ್’ ಎಂಬ ಗ್ರೀಕ್ ವಿಶೇಷಣ ಅಡಗಿದೆಯೆಂದೂ, ನಾಲಿಗೆಯ ಕಹಿಗೂ ಮನಸ್ಸಿನ ಕಹಿಗೂ ಗ್ರೀಕರಿಗೆ ಅದೊಂದೇ ಮಾತೆಂದೂ ಗದಗಿನ ವೈದ್ಯರೊಬ್ಬರಿಂದ ತಿಳಿದಾಗ ಅವರಿಗೆ ಹಬ್ಬವೇ ಆಯಿತು. ಮರುದಿನವೇ ಪೇಟೆಯ ಅಲ್ಲಾಸಾಬರ ಔಷಧಿ ಅಂಗಡಿಯಿಂದ ಬೇರಿನ ಪುಡಿ ತಂದು, ಮೊದಲು ತಾವು ನೆಕ್ಕಿ, ಆಮೇಲೆ ತರಗತಿಯ ಎಲ್ಲ ನಾಲಿಗೆಗಳ ಮೇಲೂ ಚಿಟಿಕೆ ಚಿಟಿಕೆ ಇಟ್ಟರು.

“ಇದು ಬಾಯಾಗಿನ ಪಿಕ್ರೋಸ್. ಮನಸಿಂದು ದೊಡ್ಡವರಾದ ಮ್ಯಾಲ ಕಲೀತೀರಿ,” ಎಂದರು.

ಬಿಡುವಿನಲ್ಲಿ ಒಬ್ಬರೇ ಕುಳಿತಿದ್ದಾಗ ಕಿಟಕಿಯಾಚೆಯಿಂದ ಅಲ್ಲಾಸಾಬರ ಗೊಗ್ಗರು ದನಿ ಏದುಸಿರು ಬಿಡುತ್ತ ಕೂಗಿತು: “ಮಾಸ್ತರ್ರ, ಘಾತ ಆತ್ರಿ! ಪುಡಿಕಿ ಅದಲಬದಲ ಆಗೇತಿ. ನೀವು ಒಯ್ದದ್ದು ಕಾಸರಕದ ಪುಡಿ!”

ಕಾಸರಕ ಜೀವ ತೆಗೆಯುವ ವಿಷ; ಅದೂ ಕಡುಕಹಿ. ಯಾವುದು ಯಾವುದೆಂದು ನಾಲಿಗೆ ಹೇಳಲಾರದು. ಮಾಸ್ತರರ ಅಂಗೈ ಬೆವೆತಿತು, ಮೀನಖಂಡ ಸೆಟೆಯಿತು. ವಿಷ ಏರಿತೆಂದೇ ತಿಳಿದರು. ಮರುಕ್ಷಣ ಮಕ್ಕಳ ನೆನಪಾಗಿ, ಪುಡಿಕೆ ಹಿಡಿದು ಬರಿಗಾಲಲ್ಲೇ ಆಟದ ಬಯಲಿಗೆ ಓಡಿದರು. ಸಿಕ್ಕವರ ಗದ್ದ ಎತ್ತಿ ಕಣ್ಣು ನೋಡಿದರು. ದಿನಾ ಶಿಗ್ಲಿಯಿಂದ ಶಾಲೆಗೆ ನಡೆದು ಬರುತ್ತಿದ್ದ ಹುಡುಗಿ ಗದಿಗೆವ್ವ ಬೇವಿನ ನೆರಳಲ್ಲಿ ಮಲಗಿದ್ದಳು, ಅಲುಗಾಡದೆ. ಕೈಯಾರೆ ತಾವೇ ಇಟ್ಟ ಚಿಟಿಕೆ! ಮನಸ್ಸಿನ ಪಿಕ್ರೋಸ್ ಏನೆಂದು ಆಗ ಅವರಿಗೆ ತಿಳಿಯಿತು. ಮುಟ್ಟಲು ಕೈ ಏಳಲಿಲ್ಲ.

“ಏಳವ್ವ, ತಂಗಿ…”

“ಗಂಟಿ ಬಾರಿಸಿದ್ರೇನ್ರಿ, ಸರ?” ಎಂದು ಆಕೆ ಕಣ್ಣುಜ್ಜಿದಳು.

ಅಷ್ಟರಲ್ಲಿ ಚಿತ್ರಕಲಾ ಶಿಕ್ಷಕ ಗೋಣೆಪ್ಪನವರು ಧಾವಿಸಿ ಬಂದರು. “ಅದು ನಾನ್ರಿ! ಚಾಷ್ಟಿಗಿ ಅಲ್ಲಾಸಾಬನ ದನಿ ತಗದೆ. ಹುಡುಗರಿಗೂ ಕೊಟ್ಟೀರಂತ ಗೊತ್ತಿರಲಿಲ್ರಿ!”

“ನನಗ ಸಮಾಧಾನ ಮಾಡಾಕ ಸುಳ್ಳು ಹೇಳಬ್ಯಾಡ್ರಿ. ಜಲ್ದಿ ಗಾಡಿ ತರಸ್ರಿ, ದವಾಖಾನಿಗೆ ಒಯ್ಯೂಣು!”

ಗೋಣೆಪ್ಪನವರು ಅದೇ ದನಿಯಲ್ಲಿ ಮತ್ತೆ ಕೂಗಿ ತೋರಿಸಿದರು. ಮಾಸ್ತರರು ಆಗಲೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಗೋಣೆಪ್ಪನವರು ಅವರ ಕೈಯಿಂದ ಪುಡಿಕೆ ಕಸಿದು, ಉಳಿದಷ್ಟನ್ನೂ ಬಾಯಿಗೆ ಸುರಿದುಕೊಂಡರು. ಕಣ್ಣು ಗುಡ್ಡೆ ಹೊರಬಂದು, ನಾಲಿಗೆ ಗದ್ದಕ್ಕಿಳಿದು, ಊರಿನವರೆಲ್ಲರ ದನಿ ಬಲ್ಲ ಆ ಮಹಾಶಯರಿಗೆ “ನೀರು” ಎನ್ನಲೂ ದನಿ ಹೊರಡಲಿಲ್ಲ.

ಮಕ್ಕಳು ಕೇಕೆ ಹಾಕಿದವು. ನೆಲಕ್ಕೆ ಕುಸಿದ ಮಾಸ್ತರರ ಭುಜ ಕುಲುಕುವುದನ್ನು ಕಂಡು ಅಳುತ್ತಿದ್ದಾರೆಂದು ಗದಿಗೆವ್ವ ಹೆದರಿದಳು; ಆದರೆ ಅವರು ನಗುತ್ತಿದ್ದರು. ಹೆಡ್‌ಮಾಸ್ತರರಿಗೆ ಒಂದು ಮಾತೂ ಹೇಳದೆ, ಗೋಣೆಪ್ಪನವರ ಬಾಯಿಗೆ ಬೆಲ್ಲದ ಚೂರು ಇಟ್ಟ ದೊಡ್ಡತನ ಅವರದು.

ಬೆಳ್ಳಟ್ಟಿಯ ತಮ್ಮ ಹೊಲದಲ್ಲಿ ಇನ್ನೆಷ್ಟೋ ಔಷಧಿ ಗಿಡಗಳನ್ನು ನೆಟ್ಟು, ಸವಿದು, ಮಾಸ್ತರರು ನೂರು ತುಂಬಿಸಲಿ. ಈ ಪ್ರಸಂಗವನ್ನು ಯಾರೇ ತೆಗೆಯಲಿ, ಇಂದಿಗೂ ಎಲ್ಲರಿಗಿಂತ ಜೋರಾಗಿ ನಗುವವರು ಅವರೇ.