ಉತ್ತರಪತ್ರಿಕೆಯಲ್ಲಿ ಸಿಕ್ಕ ಫೈಲ್

ಲಾ ಕಾಲೇಜಿಗೆ ಹೋಗದೆ, ಲಾಯರ್ ಕೈಕೆಳಗೆ ಕೆಲಸ ಮಾಡುತ್ತಲೇ ಲಾಯರ್ ಆಗೋಕೆ ನಾನಿರೋ ಈ ಹೊರದೇಶದ ರಾಜ್ಯದಲ್ಲಿ ದಾರಿಯಿದೆ. ಹಾಗಾಗಿ ಕೆನ್ಮೋರ್ ಊರಿನ ನಮ್ಮ ಪುಟ್ಟ ಲಾ ಆಫೀಸಲ್ಲಿ ಬಾಸೇ ನನ್ನ ಮೇಷ್ಟ್ರು, ತಿಂಗಳ ಪರೀಕ್ಷೆಗೂ ಅವರದೇ ಕಾವಲು.

"ಮುಗಿಯೋವರೆಗೂ ಒಂದು ಮಾತೂ ಆಡೋ ಹಾಗಿಲ್ಲ," ಅಂತ ಎದುರು ಕೂತರು. ಅಷ್ಟರಲ್ಲಿ ಒಬ್ಬ ಕಕ್ಷಿದಾರರ ಫೋನ್ ಬಂತು. ಕಪಾಟೆಲ್ಲ ಜಾಲಾಡಿದ ಬಾಸ್ ನನ್ನ ಕಡೆ ತಿರುಗಿದರು. "ಇವರ ಫೈಲ್ ಎಲ್ಲಿಟ್ಟಿದ್ದೀಯ?"

ನಾನು ತುಟಿ ಮೇಲೆ ಬೆರಳಿಟ್ಟೆ.

"ಹಾಗಾದ್ರೆ ಬರೆದು ತೋರಿಸು!"

ಬೇರೆ ಕಾಗದ ಮುಟ್ಟೋದೂ ನಿಷಿದ್ಧ. ಮೂರನೇ ಉತ್ತರದ ನಡುವೆಯೇ ಬರೆದೆ: 'ಫೈಲ್ ನಿಮ್ಮ ಕಾಫಿ ಮಗ್ ಕೆಳಗಿದೆ.'

ಸಂಜೆ ಪೇಪರ್ ವಾಪಸ್ ಬಂತು. ಆ ಸಾಲಿಗೆ ಕೆಂಪು ಗೆರೆ ಎಳೆದು, 'ಅಪ್ರಸ್ತುತ' ಅಂತ ಎರಡು ಮಾರ್ಕ್ಸ್ ಕಳೆದಿದ್ದರು. ಆ ಎರಡಕ್ಕೇ ನಾನು ಫೇಲ್.

ಇಡೀ ಪೇಪರಿನಲ್ಲಿ ಸರಿ ಅಂತ ನನಗೆ ಖಾತ್ರಿಯಿದ್ದದ್ದು ಅದೊಂದೇ ಸಾಲು.