ಮೇಣ ಮೆತ್ತಿದ ಬಟ್ಟಲು

ನಾನು ಚಿಕ್ಕವಳಿದ್ದಾಗ ಕಮಲಾಪುರದ ನಮ್ಮ ಹೊಲಕ್ಕೆ ಹಳ್ಳದ ನೀರು ಬಟ್ಟಲಿನ ಲೆಕ್ಕದಲ್ಲಿ ಬರುತ್ತಿತ್ತು. ತಳದಲ್ಲಿ ಸೂಜಿತೂತು ಇದ್ದ ತಾಮ್ರದ ಬಟ್ಟಲನ್ನು ನೀರು ತುಂಬಿದ ಗಡಿಗೆಯಲ್ಲಿ ತೇಲಿಬಿಡಬೇಕು. ಅದು ಮುಳುಗುವ ತನಕ ನಮ್ಮ ಪಾಳಿ. ಆಮೇಲೆ ಕಾಲುವೆ ಪಕ್ಕದ ಹೊಲದ ಧಣಿಯ ಕಬ್ಬಿಗೆ, ಅವನಿಗೂ ಅದೇ ಬಟ್ಟಲಿನ ಲೆಕ್ಕ. ಮುಳುಗುವ ಮೊದಲೇ ಬಟ್ಟಲು ಮುಟ್ಟಿದವರಿಗೆ ಆ ಬೇಸಿಗೆಯಲ್ಲಿ ಮತ್ತೆ ಪಾಳಿ ಇಲ್ಲ. ಇದು ಊರಿನ ಕಟ್ಟಳೆ.

ಆದರೆ ಧಣಿಯ ಪಾಳಿಯಲ್ಲಿ ಆ ಹಾಳು ಬಟ್ಟಲು ಮುಳುಗುತ್ತಲೇ ಇರಲಿಲ್ಲ! ನಮ್ಮ ಕೆಂಪು ಬಾಳೆ ಸುರುಟಿತು, ಎಮ್ಮೆ ಬರಿದಾದ ನೀರಿನ ತೊಟ್ಟಿ ನೆಕ್ಕುತ್ತಿತ್ತು. ನಿಜಾಮರ ಕಾಲ, ಧಣಿಯ ಬೆನ್ನಿಗೆ ಕೋವಿ ಹಿಡಿದ ರಜಾಕಾರರಿದ್ದರು. ಕೇಳಲು ಹೋದ ಅಪ್ಪನಿಗೆ ಅವನು ಎಲ್ಲರೆದುರು ಚಪ್ಪಲಿಯಿಂದ ಹೊಡೆದ. ಅಂದಿನಿಂದ ಅಪ್ಪ ಕಾಲುವೆಯ ದಂಡೆಯಲ್ಲಿ ಬಾಯಿ ಬಿಡಲಿಲ್ಲ. ಅಕ್ಕ ಮಾತ್ರ ಹಲ್ಲು ಕಡಿಯುತ್ತಿದ್ದಳು.

ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು, ರಜಾಕಾರರು ಓಡಿಹೋದರು. ಧಣಿಯ ಚಾಳಿ ಹೋಗಲಿಲ್ಲ. ಒಂದು ಬೆಳಿಗ್ಗೆ ಕಬ್ಬು ತೋಯ್ದ ಮೇಲೆ ಅವನ ಆಳು "ಮುಳುಗ್ತು" ಎಂದು ಅವಸರದಲ್ಲಿ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟು ಹೋದ. ಅಕ್ಕ ತಳ ಸವರಿದಳು. ತೂತಿಗೆ ಸಾಸಿವೆಯಷ್ಟು ಜೇನುಮೇಣ! ಕೆರೆದು ತೆಗೆಯಲು ಮರೆತಿದ್ದ.

"ಸುಮ್ನ ಕೂಡು, ಬಾಯಿ ತೆಗಿಬ್ಯಾಡ," ಎಂದು ನನ್ನ ತೊಡೆ ಚಿವುಟಿ, ಹಾಗೆಯೇ ತೇಲಿಬಿಟ್ಟಳು.

ನೀರು ನಮ್ಮ ಬಾಳೆಗೆ ಗುಳುಗುಳು ಹರಿಯಿತು. ಒದ್ದೆ ಮಣ್ಣಿನ ವಾಸನೆಗೆ ಎಮ್ಮೆ ಕೂಗಿತು. ಮಧ್ಯಾಹ್ನವಾದರೂ ಬಟ್ಟಲು ತೇಲುತ್ತಲೇ ಇತ್ತು. ದನ ಕಾಯುವವರೆಲ್ಲ ಸುತ್ತ ನೆರೆದರು, ಅಪ್ಪನೂ ಬಂದು ಬದುವಿನ ಮೇಲೆ ಕೂತರು. ಧಣಿ ಬೆವರುತ್ತ ಬಂದ.

"ಬಟ್ಟಲ ಖರಾಬ್ ಆಗ್ಯಾದ!"

"ನಿಮ್ಮ ಪಾಳ್ಯಾಗೂ ಹಿಂಗೇ ತೇಲತಿತ್ತಲ್ರೀ? ಏನ್ ಅವಸರ, ಕೂಡ್ರಿ," ಎಂದಳು ಅಕ್ಕ.

ಅವನಿಗೆ ತಡೆಯಲಾಗಲಿಲ್ಲ. ಬಟ್ಟಲು ಕಿತ್ತುಕೊಂಡು, ಉಗುರಿನಿಂದ ನೇರ ತೂತಿನ ಮೇಣ ಕೆರೆದ.

ಆಗ ಅಪ್ಪ ಎದ್ದುನಿಂತರು. "ಧಣ್ಯಾರ, ಅಲ್ಲಿ ಮೇಣ ಅದ ಅಂತ ನಿಮಗ ಹ್ಯಾಂಗ ಗೊತ್ತಾತ್ರೀ?"

ಸುತ್ತ ನೆರೆದವರಲ್ಲಿ ಎದ್ದ ನಗೆ ಹೇಳತೀರದು! ಮುಳುಗುವ ಮೊದಲೇ ಬಟ್ಟಲು ಮುಟ್ಟಿದ್ದಕ್ಕೆ ಕಟ್ಟಳೆಯಂತೆ ಅವನ ಪಾಳಿ ಹೋಯಿತು. ಅವನ ಕಬ್ಬು ಒಣಗುವುದನ್ನು ನೋಡಲೆಂದೇ ನಾನು, ಅಕ್ಕ ದಿನಾ ಸುತ್ತುಹಾಕಿ ಹೋಗುತ್ತಿದ್ದೆವು. ಪಾಪ ಅನ್ನಿಸಲಿಲ್ಲ. ಮಾಡಿದ್ದುಣ್ಣೋ ಮಾರಾಯ!

ಮಕ್ಕಳೇ, ಸೇಡಂ ರಸ್ತೆಯ ಈ ಮನೆಯಲ್ಲಿ ನೀವು ಗುಂಡಿ ಒತ್ತಿದರೆ ನೀರಿನ ಟಾಕಿ ತುಂಬಿ ಚೆಲ್ಲುತ್ತದೆ. ಪಕ್ಕದವರು ನಮ್ಮ ನೀರು ತಿರುಗಿಸಿಕೊಂಡರೆ "ಹೋಗ್ಲಿ ಬಿಡಜ್ಜಿ, ಟ್ಯಾಂಕರ್ ಬರ್ತದ" ಅನ್ನುತ್ತೀರಿ. ಬಿಡುವುದು ನನಗೆ ಬರುವುದಿಲ್ಲ. ಅಪ್ಪನ ಕೆನ್ನೆಯ ಮೇಲಿನ ಚಪ್ಪಲಿಯ ಗುರುತು ಇನ್ನೂ ಕಣ್ಣ ಮುಂದಿದೆ. ಮೇಣ ಕೆರೆಯುತ್ತ ನಿಂತ ಧಣಿಯ ಮುಖವೂ ಇದೆ. ಅದು ನೆನಪಾದಾಗಲೆಲ್ಲ ಇಂದಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ.