ಕುದುರೆಗೆ ಹುಣಸೆಹಣ್ಣು

ಶನಿವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಬರೀ ಚಡ್ಡಿಯಲ್ಲಿ ನಿಂತು, ಗಿಡಗಳಿಗೆ ನೀರು ಬಿಡುವ ಪೈಪನ್ನು ತಲೆಯ ಮೇಲೆ ಹಿಡಿದುಕೊಳ್ಳುವುದು ಟೆಕ್ಸಸ್ಸಿನ ಶುಗರ್ ಲ್ಯಾಂಡ್ ಎಂಬ ಊರಿನ ನಮ್ಮ ಬೀದಿಗೆ ಈಗ ರೂಢಿಯಾಗಿದೆ. ಮೊದಲ ಸಲ ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಇಣುಕಿ, ಒಳಗೆ ನಲ್ಲಿ ಕೆಟ್ಟಿದೆಯೇ, ನಮ್ಮಲ್ಲಿಗೆ ಬಂದು ಸ್ನಾನ ಮಾಡು ಎಂದು ಕರೆದಿದ್ದ. ನಲ್ಲಿ ಕೆಟ್ಟಿರಲಿಲ್ಲ. ನಾನು ಎಸ್ಟೇಟ್ ಸೇಲ್ ಮುಗಿಸಿಕೊಂಡು ಬಂದಿದ್ದೆ, ಅಷ್ಟೆ.

ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ, ಮಕ್ಕಳು ತಮಗೆ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದಕ್ಕೆಲ್ಲ ಚೀಟಿ ಅಂಟಿಸಿ ಮನೆಯ ಬಾಗಿಲು ತೆರೆದಿಡುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಬಹುದು. ಮಲಗುವ ಕೋಣೆ, ಅಡುಗೆಮನೆಯ ಡ್ರಾಯರು, ಬಟ್ಟೆಯ ಕಪಾಟು, ಎಲ್ಲವೂ ಅಂಗಡಿಯೇ. ನನ್ನಂಥವರು ಬೆಳಿಗ್ಗೆ ಆರು ಗಂಟೆಗೇ ಹೋಗಿ ನಂಬರಿನ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ನನ್ನ ಹೆಂಡತಿಯ ಕಣ್ಣಿಗೆ ಮಾತ್ರ ಅದು ಸತ್ತವರ ಮನೆ. ಅಲ್ಲಿಂದ ಬಂದವನು ಜಳಕ ಮಾಡದೆ ಹೊಸ್ತಿಲು ದಾಟುವಂತಿಲ್ಲ.

"ಏನ್ರೀ, ಇವತ್ತ ಯಾರ ಮನ್ಯಾಗ ಸತ್ತಿದ್ರು?" ಎಂದು ಕಿಟಕಿಯಿಂದಲೇ ಕೇಳುತ್ತಾಳೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು. ದಿನವೂ ಸಾವು ನೋಡುವವಳಿಗೆ ನನ್ನ ವಾರಕ್ಕೊಂದು ಸಾವು ಯಾಕೆ ಭಾರವಾಗಬೇಕು ಎಂದು ಒಮ್ಮೆ ವಾದ ಹೂಡಿದ್ದೆ. "ನಾನೂ ಡ್ಯೂಟಿ ಮುಗಿಸಿ ಬಂದ್ರ ಜಳಕ ಮಾಡೇ ಒಳಗ ಬರ್ತೀನಿ. ಅವರ ಚಮಚಾ ಎತ್ಕೊಂಡು ಬರೂದಿಲ್ಲ" ಎಂದಳು.

ಸಾಮಾನಿಗೂ ಅವಳದೊಂದು ಕಾನೂನಿದೆ. ಲೋಹವಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಶುದ್ಧ. ಪಿಂಗಾಣಿ, ಬಟ್ಟೆ, ಕಟ್ಟಿಗೆಗೆ ಒಳಗೆ ಪ್ರವೇಶವಿಲ್ಲ. ಈ ಕಾನೂನು ನನಗೆ ಒಗ್ಗಿತು, ಯಾಕೆಂದರೆ ನನಗೆ ಗೊತ್ತಿರುವುದೂ ಲೋಹವೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಪಾತ್ರೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಹಿತ್ತಾಳೆ, ತಾಮ್ರ, ಕಂಚು ತಿಕ್ಕಿದವನು ನಾನು. ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಯಾವ ಲೋಹ, ಎಷ್ಟು ಕಲಬೆರಕೆ ಎಂದು ನನ್ನ ಕಿವಿ ಹೇಳುತ್ತದೆ. ಈಗ ಹ್ಯೂಸ್ಟನ್ನಿನ ಸುತ್ತ ಮನೆಗಳಿಗೆ ಟೈಲ್ಸ್ ಹಾಕುವ ನನ್ನದೇ ಕೆಲಸವಿದೆ, ಎರಡು ಟ್ರಕ್ಕಿವೆ. ಯಾರ ಕೈಕೆಳಗೂ ಇಲ್ಲ. ಆದರೂ ಸತ್ತವರ ಮನೆಯಲ್ಲಿ ಪಾತ್ರೆ ಪಾತ್ರೆಯನ್ನೂ ಬಾಗಿಲು ತಟ್ಟಿದಂತೆ ತಟ್ಟಿ, ಕಿವಿಗೊಟ್ಟು ನಿಲ್ಲುವ ನನ್ನನ್ನು ನೋಡಿ ಜನ ದೂರ ಸರಿಯುತ್ತಾರೆ. ಅದನ್ನು ನಾನು ಬಹಳ ದಿನ ಗೌರವವೆಂದೇ ತಿಳಿದಿದ್ದೆ.

ಇಷ್ಟೆಲ್ಲ ವಿದ್ಯೆಯಿಂದ ಆರು ವರ್ಷದಲ್ಲಿ ತುಂಬಿದ್ದು ನಮ್ಮ ಗ್ಯಾರೇಜು. ಮಾರಿ ಲಾಭ ಮಾಡುತ್ತೇನೆ ಎಂದು ತಂದದ್ದು, ಮಾರಲು ಮನಸ್ಸಾಗದೆ ಇಟ್ಟುಕೊಂಡದ್ದು, ಯಾರೂ ಕೊಳ್ಳದೆ ಉಳಿದದ್ದು, ಈ ಮೂರೂ ಒಂದರ ಮೇಲೊಂದು ಕೂತು ಈಗ ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ. ಒಮ್ಮೆ ಇಂಗ್ಲೆಂಡಿನ ಹಳೆಯ ಹೂದಾನಿ ಎಂದು ಇಬ್ಬರ ಜೊತೆ ಜಗಳವಾಡಿ ತಂದದ್ದನ್ನು ತಿಕ್ಕಿದಾಗ ತಳದಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದು ಮೂಡಿತು. "ಊರಿಗೆ ಹೋದಾಗ ಬ್ಯಾಗಿನ್ಯಾಗ ತರಬೌದಿತ್ತಲ್ರಿ, ಜಳಕರೆ ತಪ್ತಿತ್ತು" ಎಂದಳು ಹೆಂಡತಿ.

ಅವಳ ಕಾರು ಆರು ವರ್ಷ ಬಿಸಿಲಿನಲ್ಲೇ ನಿಂತಿತು. ಈ ವರ್ಷ ಆಲಿಕಲ್ಲು ಮಳೆ ಬಿದ್ದು ಅದರ ಮುಂದಿನ ಗಾಜು ಬಿರಿಯಿತು, ಬಾನೆಟ್ಟು ಪಡ್ಡಿನ ಹಂಚಿನಂತಾಯಿತು. ಅದೇ ವಾರ ಡಾಲಸ್ ಹತ್ತಿರದ ಸೌತ್‌ಲೇಕ್‌ನಿಂದ ನನ್ನ ಭಾಮೈದ ಬಂದಿದ್ದ. ದೊಡ್ಡ ಎಂಜಿನಿಯರು. ಗ್ಯಾರೇಜಿನ ಬಾಗಿಲು ಎತ್ತಿ, "ಭಾವಾ, ಗುಜರಿ ಅಂಗಡಿಗೆ ಬೋರ್ಡ್ ಯಾವಾಗ ಹಾಕ್ಸ್ತೀರಿ?" ಎಂದ. ನಾನು ನಕ್ಕೆ. ಒಳಗೆ ಉರಿಯಿತು. ಓದಿದವರು ಏನಂದರೂ ತಡೆದುಕೊಂಡೇನು, ಲೋಹದ ವಿಷಯದಲ್ಲಿ ಮಾತ್ರ ಆಗುವುದಿಲ್ಲ.

ಅವನು ಹೋದ ಮೇಲೆ ಹೆಂಡತಿ ಒಂದು ಕರಾರು ಮುಂದಿಟ್ಟಳು. "ನಮ್ಮ ಮಂದಿ ಅಲ್ಲ, ಸಂಕೋಚಕ್ಕ ತಗೊಳ್ಳೋರಲ್ಲ. ಈ ಕಸಬ ಗೊತ್ತಿದ್ದೋರು ಯಾರರೆ ಒಬ್ರು ನಿಮ್ಮ ಕಡೆ ಒಂದ ಸಾಮಾನ ತಗೊಳ್ಳಲಿ. ಗ್ಯಾರೇಜ್ ನಿಮ್ದು, ನಾ ಬಾಯಿ ತಗಿಯೂದಿಲ್ಲ. ಇಲ್ಲಾಂದ್ರ ದೀಪಾವಳಿ ಒಳಗ ಎಲ್ಲಾ ದಾನಕ್ಕ ಹೋಗಬೇಕು, ನನ್ನ ಕಾರ್ ಒಳಗ ಬರಬೇಕು."

ನಾನು ಒಪ್ಪಿದೆ. ಒಂದೇ ಸಾಮಾನು ತಾನೆ.

ಕಸಬು ಗೊತ್ತಿರುವ ಒಬ್ಬರು ನನಗೆ ಗೊತ್ತಿದ್ದರು. ಆಸ್ಟಿನ್ನಿನಲ್ಲಿ ಹಳೆಯ ಲೋಹದ ಸಾಮಾನಿನ ಅಂಗಡಿ ಇಟ್ಟಿರುವ ಎಪ್ಪತ್ತರ ಹೆಂಗಸು. ಅವಳ ಬಚ್ಚಲಿಗೆ ಟೈಲ್ಸ್ ಹಾಕಿದ್ದು ನಾನೇ. ಎಲ್ಲರನ್ನೂ ‘ಡಾರ್ಲಿಂಗ್’ ಎನ್ನುತ್ತಾಳೆ, ನನ್ನನ್ನೂ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹಾಗೆ ಕರೆಸಿಕೊಂಡದ್ದು ಆ ಅಂಗಡಿಯಲ್ಲಿ ಮಾತ್ರ. ಮೂರು ಸಲ ನಾನು ಒಯ್ದದ್ದನ್ನು ನೋಡಿ, "ಇದು ನಿನ್ನ ಮನೆಯಲ್ಲೇ ಚೆಂದ, ಡಾರ್ಲಿಂಗ್" ಎಂದು ವಾಪಸು ಕಳಿಸಿದ್ದಳು.

ಅಕ್ಟೋಬರಿನಲ್ಲಿ ಡಾಲಸ್ಸಿನ ಪಕ್ಕದ ರಿಚರ್ಡ್‌ಸನ್‌ನಲ್ಲಿ ಅಡುಗೆಮನೆಯೊಂದರ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ನಾಲ್ಕು ತಾಸು ಡ್ರೈವ್ ಮಾಡಿ ಹೋದವನು, ಶುಕ್ರವಾರ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಹತ್ತಿರದ ಒಂದು ಸೇಲಿಗೆ ನುಗ್ಗಿದೆ. ನನ್ನ ನಂಬರು ಒಂಬತ್ತು. ಮುಂದಿನ ಎಂಟು ಜನ ಆಭರಣದ ಮೇಜಿಗೆ ಓಡಿದರು. ನಾನು ಓದುವ ಕೋಣೆಗೆ ಹೋದೆ. ಅಲ್ಲಿ ಪುಸ್ತಕದ ಕಪಾಟಿನ ಮೇಲೆ ನಿಂತಿತ್ತು ಕುದುರೆ.

ಮೊಳದುದ್ದ, ತಲೆ ಬಗ್ಗಿಸಿ ನೀರು ಕುಡಿಯಲು ನಿಂತಂತೆ. ಕಪ್ಪುಬೆಲ್ಲದ ಬಣ್ಣ. ಗೆಣ್ಣಿನಿಂದ ಬಡಿದೆ. ಗಂಟಲೊಳಗಿನಿಂದ ಬಂದಂಥ ದನಿ. ಅಪ್ಪಟ ಕಂಚು. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರೆ, ಎತ್ತಿ ಇಡುವವರ ಕೈ ತಾಗಿ ಸವೆದ ಜಾಗ ಬಂಗಾರದಂತೆ ಹೊಳೆಯುತ್ತಿತ್ತು. ನೋಡಿರಿ, ಇಷ್ಟು ಹೊಳೆಯುವ ಪ್ರಾಣಿಯನ್ನು ತೊಳೆಯದೆ ಇಟ್ಟಿದ್ದಾರಲ್ಲ ಎಂದು ಸತ್ತವರ ಮೇಲೆ ಸಿಟ್ಟೇ ಬಂತು. ನಮ್ಮ ಅಂಗಡಿಯಲ್ಲಿ ಕರ್ರಗಿನ ಕಂಚನ್ನು ಕಪಾಟಿನಲ್ಲಿಟ್ಟಿದ್ದರೆ ಯಜಮಾನರು ಅದನ್ನೇ ಎತ್ತಿ ನನ್ನ ತಲೆಗೆ ಬಡಿಯುತ್ತಿದ್ದರು.

ಕೊಂಡೆ. ಟ್ರಕ್ಕಿನಲ್ಲಿ ಕೂತು ಫೋಟೋ ತೆಗೆದು ಆಸ್ಟಿನ್ನಿಗೆ ಕಳಿಸಿದೆ. ನಿಮಿಷದೊಳಗೆ ಫೋನು ಬಂತು.

"ಅದರ ಬುಡದ ಫೋಟೋನೂ ಕಳಿಸು, ಡಾರ್ಲಿಂಗ್." ಕಳಿಸಿದೆ. ನೋಡಿದವಳೇ ಅಂದಳು, "ಸೋಮವಾರ ತಗೊಂಡು ಬಾ. ನಾನೇ ಕೊಳ್ತೀನಿ. ಹ್ಯಾಗಿದೆಯೋ ಹಾಗೇ ತಾ. ಏನೂ ಮಾಡಬೇಡ. ಒರೆಸಲೂ ಬೇಡ."

ಕೆಲಸ ಮುಗಿಸಿ ಶನಿವಾರ ಮಧ್ಯಾಹ್ನ ಮನೆ ಸೇರಿದೆ. ಪೈಪಿನ ಜಳಕ ಮಾಡಿ, ಊಟಕ್ಕೆ ಕೂತು ಎಲ್ಲವನ್ನೂ ಹೇಳಿದೆ. ಹೆಂಡತಿ ಹೊರಗೆ ಹೋಗಿ ಕುದುರೆಯನ್ನು ನೋಡಿ ಬಂದಳು.

"ಇಷ್ಟ ಕರ್ರಗಂದು ಮಂದಿ ಅಂಗಡಿಗೆ ಹ್ಯಾಂಗ ಒಯ್ತೀರಿ? ಸತ್ತೋರ ಮನ್ಯಾಗಿಂದು ಬ್ಯಾರೆ. ಆಕಿಗರೆ ಶುದ್ಧ ಮಾಡಿ ಕೊಡಬ್ಯಾಡೇನು?"

ಹೈಸ್ಕೂಲಿನಲ್ಲಿರುವ ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪಾ, ಶೀ ಸೆಡ್ ಡೋಂಟ್ ಟಚ್ ಇಟ್!"

"ಅದು ಕೆಲಸ ಬರಲಾರದವ್ರಿಗೆ ಹೇಳೂ ಮಾತವ್ವ" ಎಂದೆ. "ಕಂಡ ಕಂಡ ಆಸಿಡ್ ಹಾಕಿ ಕೆಡಸ್ತಾರಲ್ಲ, ಅಂಥವ್ರಿಗೆ. ನನಗಲ್ಲ."

ಈ ಮಾತನ್ನು ನಾನು ನಿಜವಾಗಿಯೂ ನಂಬಿದ್ದೆ. ವೈದ್ಯರು ಎಲ್ಲರಿಗೂ ಬಿಸಿಲಿಗೆ ಹೋಗಬೇಡಿ ಎನ್ನುತ್ತಾರೆ, ಹಾಗಂತ ಟೈಲ್ಸ್‌ನವನು ಮನೆಯಲ್ಲಿ ಕೂರುತ್ತಾನೆಯೇ? ಒಂದು ಹಿಡಿ ಹುಣಸೆಹಣ್ಣು ನೆನೆಸಿ, ಉಪ್ಪು ಕಲೆಸಿ ಕೂತೆ. ಅರ್ಧ ತಾಸು ತಿಕ್ಕಿದರೂ ಕಪ್ಪು ಜಗ್ಗಲಿಲ್ಲ. ಅಲ್ಲಿಗಾದರೂ ಅನುಮಾನ ಬರಬೇಕಿತ್ತು. ನನಗೆ ಹಟ ಬಂತು. ಲಿಂಬೆಹಣ್ಣು ಸೇರಿಸಿದೆ, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ತಂದೆ. ಕೊನೆಗೆ ಕಲ್ಲಿಗೆ ಪಾಲಿಶ್ ಮಾಡುವ ಮಶಿನ್ನಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಹಿಡಿದೆ. ಕಿವಿಯ ಸಂದಿ, ಮೂಗಿನ ಹೊಳ್ಳೆ, ಬಾಲದ ಒಂದೊಂದು ಎಳೆಯನ್ನೂ ಬಿಡಲಿಲ್ಲ. ಸಂಜೆ ಬಿಸಿಲಿಗೆ ಇಟ್ಟರೆ ಕಣ್ಣು ಕೋರೈಸುವಂತೆ ನಿಂತಿತು. ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡು, "ಈಗ ನೋಡ್ರಿ, ಕುದ್ರಿ ಕಂಡಂಗ ಕಾಣ್ತದ" ಎಂದಳು. ಆರು ವರ್ಷದಲ್ಲಿ ನನ್ನ ಸಾಮಾನಿಗೆ ಅವಳಿಂದ ಬಂದ ಮೊದಲ ಹೊಗಳಿಕೆ.

ಸೋಮವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಆಸ್ಟಿನ್ನಿಗೆ ಹೋದೆ. ಕುದುರೆಯನ್ನು ಬಿಳಿಯ ಟವೆಲಿನಲ್ಲಿ ಸುತ್ತಿದ್ದೆ. ಅವಳು ಮೇಜು ಖಾಲಿ ಮಾಡಿ, ಮೆತ್ತನೆಯ ಬಟ್ಟೆ ಹಾಸಿ, ಕನ್ನಡಕ ಏರಿಸಿ ಕಾಯುತ್ತಿದ್ದಳು. ನಾನು ಟವೆಲನ್ನು ಒಮ್ಮೆಲೇ ಎಳೆದೆ.

ಅವಳು ಕನ್ನಡಕ ತೆಗೆದಳು. ಮತ್ತೆ ಹಾಕಿಕೊಂಡಳು.

"ಇದು ಅದೇನಾ?"

"ಅದೇ" ಎಂದೆ. "ನಾಲ್ಕು ತಾಸಿನ ಕೆಲಸ."

"ನಾಲ್ಕು ತಾಸು" ಎಂದು ಮೆಲ್ಲಗೆ ಹೇಳಿಕೊಂಡು ಕುರ್ಚಿಯಲ್ಲಿ ಕೂತಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಆ ಕಪ್ಪು ಕೊಳೆಯಲ್ಲ, ಕುದುರೆ ಮಾಡಿದವನೇ ಬೆಂಕಿಯಲ್ಲಿ ಕಾಯಿಸಿ, ಔಷಧಿ ಹಚ್ಚಿ, ಮೇಣ ಸವರಿ ಕೂಡಿಸಿದ ಬಣ್ಣ, ಅದಕ್ಕೆ ಅವನಿಗೆ ನಾಲ್ಕು ತಾಸಲ್ಲ, ದಿನಗಟ್ಟಲೆ ಹಿಡಿದಿರುತ್ತದೆ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಕೊಳ್ಳುವವರು ಆ ಬಣ್ಣಕ್ಕಾಗಿಯೇ ಕೊಳ್ಳುತ್ತಾರಂತೆ.

"ಮತ್ತೆ ಕಪ್ಪು ಮಾಡಿಕೊಡಲೇ?" ಎಂದೆ.

"ಬೇಡ!" ಎಂದು ಎರಡೂ ಕೈ ಅಡ್ಡ ಹಿಡಿದಳು. ಆಮೇಲೆ ದನಿ ತಗ್ಗಿಸಿ, "ನೀನು ಇನ್ನು ಅದಕ್ಕೆ ಏನೂ ಮಾಡಬೇಡ, ಡಾರ್ಲಿಂಗ್."

ವಾಪಸು ಬರುವ ಮೂರು ತಾಸಿನ ದಾರಿಯಲ್ಲಿ ನನಗೆ ಹೊಳೆದ ಉಪಾಯ ಸರಳವಾಗಿತ್ತು. ಟ್ರಕ್ಕಿನ ಹಿಂದೆ ಬೀಗ ಹಾಕುವ ಹತಾರದ ಪೆಟ್ಟಿಗೆ ಇದೆ. ಕುದುರೆಯನ್ನು ಅದರಲ್ಲಿ ಹಾಕಿ, ಮಾರಿಬಿಟ್ಟೆ ಎಂದರೆ ಕೇಳುವವರಾರು? ಗ್ಯಾರೇಜು ಉಳಿಯುತ್ತದೆ, ಭಾಮೈದನ ಬಾಯಿ ಮುಚ್ಚುತ್ತದೆ. ಪೆಟ್ರೋಲಿಗೆಂದು ನಿಂತಾಗ ಪೆಟ್ಟಿಗೆಯ ಮುಚ್ಚಳ ತೆರೆದೂ ಬಿಟ್ಟೆ. ಸುತ್ತಿಗೆ, ಉಳಿ, ಸಿಮೆಂಟಿನ ಪುಡಿ. ಟವೆಲು ಸ್ವಲ್ಪ ಸರಿದು ಕುದುರೆಯ ಬೆನ್ನು ಫಳಫಳ ಅಂದಿತು. ನಾನು ಹರಿಶ್ಚಂದ್ರನೆಂದು ಹೇಳುತ್ತಿಲ್ಲ. ಅಷ್ಟು ಚೆನ್ನಾಗಿ ತಿಕ್ಕಿದ ಕೆಲಸವನ್ನು ಯಾರೂ ನೋಡದಂತೆ ಕತ್ತಲಲ್ಲಿ ಇಡಲು ನನ್ನ ಸೊಕ್ಕು ಬಿಡಲಿಲ್ಲ. ಮುಚ್ಚಳ ಹಾಕಿ, ಅದನ್ನು ಪಕ್ಕದ ಸೀಟಿನಲ್ಲಿ ಕೂಡಿಸಿ ಬೆಲ್ಟು ಹಾಕಿದೆ.

"ತಗೊಳ್ಳಲಿಲ್ಲ" ಎಂದೆ ಬಾಗಿಲಲ್ಲೇ. ಯಾಕೆ ಎಂಬುದನ್ನೂ ಹೇಳಿದೆ.

ಹೆಂಡತಿ ಕುದುರೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಆಕಿ ಏನರೆ ಅನ್ನಲಿ. ತಿಕ್ಕಿದ್ದು ಮಾತ್ರ ಭಾರಿ ಆಗೇತಿ" ಎಂದಳು. ನಾನು ಹೌದಲ್ಲವೇ ಎಂದೆ. ಆ ಒಂದು ನಿಮಿಷ ಇಡೀ ಟೆಕ್ಸಸ್ಸಿನ ವಿರುದ್ಧ ನಾವಿಬ್ಬರೂ ಒಂದೇ ಕಡೆ ಇದ್ದೆವು. ಅವಳು ಕುದುರೆಯನ್ನು ಟಿವಿಯ ಪಕ್ಕದಲ್ಲಿಟ್ಟು, ತಿರುಗಿ ನೋಡದೆ, "ದಾನದ ಲಾರಿಯವ್ರಿಗೆ ಫೋನ್ ನೀವ್ ಮಾಡ್ತೀರೋ, ನಾ ಮಾಡ್ಲೋ?" ಎಂದಳು.

ಲಾರಿ ಎರಡು ಸಲ ಬಂದು ಹೋಯಿತು. ಎರಡನೆಯ ಸಲ ಲಾರಿಯವರು ಹಿತ್ತಾಳೆಯ ತಟ್ಟೆಯೊಂದನ್ನು ಗೆಣ್ಣಿನಿಂದ ಬಡಿದು ನಕ್ಕರು. ಅದಕ್ಕೆ ಕಾರಣ, ನಾನು ಪ್ರತಿಯೊಂದನ್ನೂ ಕೊನೆಯ ಸಲ ಬಡಿದು ಕೇಳಿಯೇ ಅವರ ಕೈಗೆ ಕೊಡುತ್ತಿದ್ದದ್ದು.

ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು. ನೆಲ ತೊಳೆದ ಗ್ಯಾರೇಜು ಮದುವೆ ಮುಗಿದ ಮಂಟಪದ ಹಾಗೆ ಬಿಕೋ ಎನ್ನುತ್ತಿತ್ತು. ಹೆಂಡತಿ ಕಾರು ಹತ್ತಿ ಕೂತಳು. ಆರು ವರ್ಷದಲ್ಲಿ ಅವಳಿಗೆ ಒಳಗೆ ತರುವುದು ಮರೆತುಹೋಗಿತ್ತು. ಎಡಕ್ಕೆ ಗೋಡೆ, ಬಲಕ್ಕೆ ವಾಟರ್ ಹೀಟರು. ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹಾಕಿದಳು.

"ಸುಮ್ನ ನಿಂತೀರಲ್ರಿ, ಹೇಳ್ರಿ ಸ್ವಲ್ಪ!"

ನಾನು ಒಳಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಎರಡೂ ಕೈ ಎತ್ತಿ, ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಕಂಡಕ್ಟರನ ಗಂಟಲು ತೆಗೆದೆ.

"ಬರ್ಲಿ... ಬರ್ಲಿ... ಇನ್ನೂ ಜಾಗಾ ಐತಿ... ಬರ್ಲಿ..."